ಹರಳಿನ ನೋವಿಗೆ ಟ್ಯಾಮ್ಸುಲೋಸಿನ್: ತುರ್ತು ವಾರ್ಡಿನಲ್ಲಿ ನಾವು ಪರೀಕ್ಷಿಸಿದ ಬಗೆ

ವಿಜಯಪುರದಲ್ಲಿ ಕಿಡ್ನಿ ಹರಳಿನ ನೋವು ಅಂತ ಬಂದವರಿಗೆ, ಕಿಡ್ನಿಯಿಂದ ಇಳಿಯುವ ಮೂತ್ರನಾಳವನ್ನು ಸಡಿಲಿಸುವ ಟ್ಯಾಮ್ಸುಲೋಸಿನ್ ಬರೆಯುವುದು ರೂಢಿ. ಅಮೆರಿಕದಲ್ಲಿ 9 ಮಿ.ಮೀ.ಗಿಂತ ಚಿಕ್ಕ ಹರಳಿದ್ದ 512 ತುರ್ತು ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 28 ದಿನದೊಳಗೆ ಹರಳು ಬಿದ್ದದ್ದು ಔಷಧ ತಿಂದವರಲ್ಲಿ ಸುಮಾರು ಶೇ 50, ಹುಸಿಮಾತ್ರೆ (ಔಷಧವಿಲ್ಲದ ಮಾತ್ರೆ) ತಿಂದವರಲ್ಲಿ ಶೇ 47. ಆದರೆ ಮೂತ್ರನಾಳದ ಕೆಳಭಾಗದಲ್ಲಿರುವ, 5 ಮಿ.ಮೀ. ದಾಟಿದ ಹರಳಿಗೆ ಲಾಭವಿದೆ ಎನ್ನುವ ಪ್ರಯೋಗಗಳೂ ಇವೆ. ನಾವು ಆರಿಸಿಕೊಂಡದ್ದು ಆ ಗುಂಪನ್ನೇ. ಹರಳು ಬೀಳುವ ಪ್ರಮಾಣ ಶೇ 50ರಿಂದ 60ಕ್ಕೆ ಏರುವ ವ್ಯತ್ಯಾಸ ಹಿಡಿಯಲು ಔಷಧದವರು, ಹುಸಿಮಾತ್ರೆಯವರು ಎಂಬ ಒಂದೊಂದು ಗುಂಪಿಗೆ ಸುಮಾರು 390 ಮಂದಿ ಬೇಕು. ಶೇ 15 ಮಂದಿ ಮರಳಿ ಬಾರದಿದ್ದರೆ 460. ಸಿಟಿಆರ್‌ಐ (ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಮುಗಿದಿರಬೇಕು.

ಅಳತೆಗೆ ಸಿ.ಟಿ.ಯೇ ಬೇಕು, ಬಣ್ಣದ ಔಷಧ ಬೇಡ. ಅಲ್ಟ್ರಾಸೌಂಡ್ ಸ್ಕ್ಯಾನಿಂಗಿನಲ್ಲಿ ಕರುಳಿನ ಗಾಳಿ ಮೂತ್ರನಾಳದ ನಡುಭಾಗವನ್ನು ಮುಚ್ಚಿಬಿಡುತ್ತದೆ. ಸಿ.ಟಿ. ಚಿತ್ರವನ್ನು ಬೋನ್ ವಿಂಡೋದಲ್ಲಿ (ಮೂಳೆ ನೋಡಲು ಹೊಂದಿಸಿದ ಬೆಳಕಿನಲ್ಲಿ) ಹಿಗ್ಗಿಸಿ ಅಳೆಯಬೇಕು. ಮೆತ್ತನೆಯ ಅಂಗಾಂಶ ನೋಡುವ ಸಾಫ್ಟ್ ಟಿಶ್ಯೂ ವಿಂಡೋದಲ್ಲಿ ಹರಳು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಜ್ವರ, ಒಂದೇ ಕಿಡ್ನಿ, ಏರಿದ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಹೆಚ್ಚುವ ಅಂಶ), ಕಡಿಮೆ ಬಿ.ಪಿ., ಗರ್ಭ, ಹತ್ತಿರದಲ್ಲೇ ಕಣ್ಣಿನ ಪೊರೆ ಆಪರೇಷನ್ ಇದ್ದರೆ ಸೇರಿಸುವಂತಿಲ್ಲ.

ನೋವಿನಲ್ಲಿ ಹೊರಳಾಡುವವರ ಒಪ್ಪಿಗೆ ಒಪ್ಪಿಗೆಯಲ್ಲ. ಮೊದಲು ಡೈಕ್ಲೋಫೆನಾಕ್ 75 ಮಿ.ಗ್ರಾಂ. ಸ್ನಾಯುವಿಗೆ, ನೋವು ಇಳಿದ ಮೇಲೆ ಮಾತು. ಹೆಬ್ಬೆಟ್ಟು ಒತ್ತುವವರಿದ್ದರೆ ನಮ್ಮ ತಂಡದವರಲ್ಲದ ಸಾಕ್ಷಿ ಕಡ್ಡಾಯ.

ಯಾರಿಗೆ ಔಷಧ, ಯಾರಿಗೆ ಹುಸಿಮಾತ್ರೆ ಅಂತ ಗೊತ್ತಾಗದಂತೆ ಮುಚ್ಚಿಡುವುದು ತಲೆನೋವಿನ ಕೆಲಸ. 0.4 ಮಿ.ಗ್ರಾಂ. ಕ್ಯಾಪ್ಸೂಲ್ ನಿಧಾನವಾಗಿ ಬಿಡುಗಡೆಯಾಗುವಂಥದ್ದು, ಒಡೆಯುವಂತಿಲ್ಲ. ಇಡಿಯಾಗಿ ದೊಡ್ಡ, ಪಾರದರ್ಶಕವಲ್ಲದ ಕ್ಯಾಪ್ಸೂಲಿಗೆ ಹಾಕಿ ಸುತ್ತ ಲ್ಯಾಕ್ಟೋಸ್ ತುಂಬಿಸಬೇಕು. ಆದರೂ ಔಷಧದ ಪರಿಣಾಮವಾಗಿ ಗಂಡಸರಿಗೆ ವೀರ್ಯ ಹೊರಬಾರದಿದ್ದಾಗ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಕೊನೆಯ ಭೇಟಿಯಲ್ಲಿ, ಸಿಕ್ಕಿದ್ದು ಯಾವ ಮಾತ್ರೆ ಅಂತ ಅನಿಸುತ್ತದೆ ಎಂದು ಕೇಳಿ ಬರೆದುಕೊಳ್ಳುತ್ತೇವೆ. ಗುಳಿಗೆ ರಾತ್ರಿ ಊಟವಾದ ಅರ್ಧ ತಾಸಿಗೆ. ಬೆಳಿಗ್ಗೆ ತಿಂದು ಬಿಸಿಲಲ್ಲಿ ಹೊಲಕ್ಕೆ ಹೋದವರು ತಲೆ ಸುತ್ತಿ ಬೀಳಬಹುದು.

ಪರೀಕ್ಷೆ ಕೆಡುವುದು ಹೆಚ್ಚಾಗಿ ಫಲಿತಾಂಶದ ಹಂತದಲ್ಲೇ. "ನೋವು ಹೋತ್ರೀ ಸರ್, ಹಳ್ಳ (ಹರಳು) ಬಿದ್ದಿರಬೇಕು" ಅನ್ನುತ್ತಾರೆ ರೋಗಿಗಳು. ಹರಳು ಅಲುಗದೆ ಕೂತಿದ್ದರೂ ನೋವು ನಿಲ್ಲುತ್ತದೆ, ಕಿಡ್ನಿ ಸದ್ದಿಲ್ಲದೆ ಊದುತ್ತದೆ. ಆದ್ದರಿಂದ ಮೂತ್ರ ಸೋಸುವ ಜರಡಿಯಲ್ಲಿ ಸಿಕ್ಕ ಹರಳು, ಇಲ್ಲವೇ 28ನೇ ದಿನದ ಕಡಿಮೆ ವಿಕಿರಣದ ಸಿ.ಟಿ.: ಎರಡನ್ನು ಬಿಟ್ಟು ಬೇರೆ ಪುರಾವೆ ಲೆಕ್ಕಕ್ಕಿಲ್ಲ. ಬಯಲಿಗೆ ಹೋಗುವವರಿಗೆ ಬರೀ ಜರಡಿ ಕೊಟ್ಟರೆ ಸಾಲದು, ಪ್ಲಾಸ್ಟಿಕ್ ಮಗ್ಗು, ಹರಳು ಹಾಕಿಡಲು ಡಬ್ಬಿ ಎರಡೂ ಬೇಕು. ಕಬ್ಬು ಕಡಿಯಲು ಗುಳೆ ಹೋಗುವವರಾದರೆ ಊರಲ್ಲೇ ಉಳಿಯುವ ಒಬ್ಬರ ಫೋನ್ ನಂಬರನ್ನೂ ಮೊದಲ ದಿನವೇ ಬರೆದುಕೊಳ್ಳಬೇಕು.