ವಾಪಸ್ ಕೊಟ್ಟ ರೊಟ್ಟಿ ಗಂಟು

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಕೌನ್ಸೆಲಿಂಗ್ ಕೋಣೆ ಇದೆ. ಎರಡು ಕುರ್ಚಿ, ಒಂದು ಫ್ಯಾನು, ಗೋಡೆ ಗಡಿಯಾರ. ಇಲ್ಲಿ ಬುದ್ಧಿ ಹೇಳ್ತಾರೆ ಅಂದುಕೊಂಡು ಬರುವವರೇ ಜಾಸ್ತಿ.

ಹಾಗೇ ಬಂದವರು ಒಬ್ಬ ಹೆಣ್ಣುಮಗಳು. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ನಿದ್ದೆ ಇಲ್ಲ, ಎದೆ ಹಿಡಿದ ಹಾಗೆ ಆಗುತ್ತೆ, ಇಸಿಜಿ ಮಾತ್ರ ಸರಿಯಾಗಿದೆ. ಆರನೇ ವಾರ ಬಿಳಿ ಬಟ್ಟೆಯ ಗಂಟು ತಂದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. ಉಡುಗೊರೆ ತಗೋಬಾರದು ಅಂತ ಕಲಿತಿದ್ದೆ. 'ಬ್ಯಾಡ್ರಿ' ಅಂದುಬಿಟ್ಟೆ. ಅವರು ಬಿಚ್ಚಿದ ಗಂಟನ್ನು ನಿಧಾನಕ್ಕೆ ಮತ್ತೆ ಕಟ್ಟಿದರು. ಆಮೇಲೆ ಎಲ್ಲದಕ್ಕೂ 'ಹೂಂ ರೀ' ಅಷ್ಟೇ. ಮುಂದಿನ ಎರಡು ವಾರ ಬರಲಿಲ್ಲ.

ಮೂರನೇ ವಾರ ಬಂದಾಗ ನಾನೇ ಕೇಳಿದೆ, 'ಅವತ್ತು ರೊಟ್ಟಿ ವಾಪಸ್ ಕೊಟ್ಟೆ. ಹೆಂಗ ಅನಿಸ್ತು?'

'ಏನಿಲ್ರಿ.' ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು. ಆಮೇಲೆ, 'ನಮ್ಮತ್ತಿನೂ ಹಂಗ ರೀ. ತಾಟ್ ಸರಿಸ್ತಾಳ. ಯಾಕಂತ ಹೇಳೂದಿಲ್ಲ.'

ಹಳೆಯ ಸಂಬಂಧದ ಭಾವನೆ ಥೆರಪಿಸ್ಟ್ ಮೇಲೆ ತಿರುಗುವುದನ್ನ ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ ನೂರು ವರ್ಷದ ಹಿಂದೆಯೇ ಬರೆದಿದ್ದಾನೆ. ಅದರ ಹಿಂದೆ ಬಚ್ಚಿಟ್ಟುಕೊಳ್ಳೋದು ಸುಲಭ, ಅಲ್ವಾ? ಅದು ಅತ್ತೆ ಮೇಲಿನ ಸಿಟ್ಟು ಅಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಆ ದಿನ ತಾಟು ಸರಿಸಿದ್ದು ನಾನೇ. 'ತಪ್ಪಾತ್ರಿ ನಂದು, ಕಾರಣ ಹೇಳಬೇಕಿತ್ತು' ಅಂದೆ. ಅವರು ಸೆರಗು ಬಾಯಿಗೆ ಹಿಡಿದು ಅತ್ತರು.

ಥೆರಪಿಯ ನಂಟಲ್ಲಿ ಗುರಿ, ಕೆಲಸ, ಬಾಂಧವ್ಯ ಅಂತ ಮೂರು ಭಾಗ ಇವೆ ಅಂತ 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬಾರ್ಡಿನ್ ಬರೆದ. ನಾನು ಮೊದಲಿನ ಎರಡಕ್ಕೇ ಗಂಟು ಬಿದ್ದಿದ್ದೆ. ನಿದ್ದೆಯ ಚಾರ್ಟು, ಉಸಿರಾಟದ ಅಭ್ಯಾಸ. ಮೂರನೆಯದು ತಾನೇ ಬರುತ್ತೆ ಅಂದುಕೊಂಡಿದ್ದೆ.

ನನ್ನನ್ನು ಖುಷಿಪಡಿಸೋದೇ ನಿಮಗೊಂದು ಕೆಲಸ ಆಗಬಾರದು, ಅದಕ್ಕೇ ಈ ನಿಯಮ ಅಂತ ಬಿಡಿಸಿ ಹೇಳಿದೆ. ಮರುವಾರ ಒಂದೇ ರೊಟ್ಟಿ ತಂದರು. ಮುರಿದು ಇಬ್ಬರೂ ತಿಂದೆವು. ಎಲ್ಲರ ಜೊತೆ ಹೀಗೆ ಮಾಡಲ್ಲ. ಕೆಲವರ ಉಡುಗೊರೆಯ ಬಗ್ಗೆ ಮೊದಲು ಮಾತಾಡಲೇಬೇಕು.

ಕೆಲವು ತಿಂಗಳಾದ ಮೇಲೆ ಮಾತಿನ ನಡುವೆಯೇ ಅಂದರು, 'ಮೇಡಂ, ಎರಡ್ ಸಲ ಗಡಿಯಾರ ನೋಡಿದ್ರಿ. ನನಗ ಬ್ಯಾಸರಾತು.' ಒಳಗೊಳಗೇ ಖುಷಿಯಾಯಿತು. ಅದೇ ವಾರ ಮನೆಯಲ್ಲೂ ಕೇಳಿದ್ದರಂತೆ, 'ಅತ್ತಿ, ತಾಟ್ ಯಾಕ್ ಸರಸ್ತೀರಿ? ಬಾಯಿ ಬಿಟ್ ಹೇಳ್ರಿ.'

'ಏನಂದ್ರು?'

'ಉಪ್ಪ ಜಾಸ್ತಿ ಆಗೇತಿ ಅಂದ್ಳು ರೀ. ಖರೇನ ಆಗಿತ್ತು.'