ಯುವಜನ ಕೂಟದಾಗ ಜ್ವಿಂಗ್ಲಿ ಬಗ್ಗೆ ಮಾತಾಡೋದು ಹೆಂಗ

ಪುಣೆದಾಗ ನಮ್ಮ ಕನ್ನಡ ಸಭೆಗೆ ಸಿಗೋ ಟೈಮೇ ಕಮ್ಮಿ, ನಮ್ಮ ಆರಾಧನೆ ಮುಗಿಯೋದ್ರಾಗ ಮರಾಠಿಯವ್ರು ಗೇಟ್ ಹತ್ರ ಬಂದು ನಿಂತಿರ್ತಾರ, ಅದಕ್ಕ ಅಕ್ಟೋಬರ್ ಕಡೇ ರವಿವಾರ ಸುಧಾರಣೆ (16ನೇ ಶತಮಾನದಾಗ ಯುರೋಪಿನ ಚರ್ಚಿನಾಗ ಆದ ಬದಲಾವಣೆ) ಬಗ್ಗೆ ಮಾತಾಡೋರು ಹದಿನೈದು ನಿಮಿಷದಾಗ ಮುಗಿಸ್ರಿ. ಜರ್ಮನಿಯ ಸುಧಾರಕ ಲೂಥರ್ ಕಥಿ ಎಲ್ಲಾರೂ ಕೇಳ್ಯಾರ, ಈ ಸಲ ಸ್ವಿಟ್ಜರ್ಲೆಂಡಿನ ಝೂರಿಕ್‌ನ ಸುಧಾರಕ ಜ್ವಿಂಗ್ಲಿ ತಗೋರಿ.

"ಇಂವ ಚರ್ಚಿನಾಗ ಹಾಡು ನಿಲ್ಲಿಸಿದಂವ" ಅಂತ ಮಾತ್ರ ಶುರು ಮಾಡಬ್ಯಾಡ್ರಿ, ಕ್ವಾಯರ್ ಹುಡುಗ್ರು ಅಲ್ಲೇ ಮಾರಿ ತಿರುಗಸ್ತಾರ. ಬಾಲ್ಯದಿಂದ ಬರ್ರಿ. 1484ರ ಜನವರಿ 1ಕ್ಕ ಸ್ವಿಟ್ಜರ್ಲೆಂಡಿನ ವಿಲ್ಡ್‌ಹೌಸ್ ಅನ್ನೋ ಹಳ್ಯಾಗ ಹುಟ್ಟಿದಂವ, ಅಪ್ಪ ಊರಿನ ಹಿರಿಯ, ಮೊದಲ ಪಾಠ ಹೇಳಿಕೊಟ್ಟದ್ದು ಪಾದ್ರಿಯಾಗಿದ್ದ ಕಾಕಾ. ಆಮ್ಯಾಲ ಬಾಸೆಲ್, ಬರ್ನ್. ಬರ್ನ್ ಕಥಿ ಸ್ವಲ್ಪ ನಿಧಾನ ಹೇಳ್ರಿ, ಯಾಕಂದ್ರ ರಸ ಇರೋದೇ ಅಲ್ಲಿ: ಹುಡುಗನ ಸಂಗೀತ ನೋಡಿ ಡೊಮಿನಿಕನ್ ಸನ್ಯಾಸಿಗಳು ನಮ್ಮ ಮಠಕ್ಕ ಬಾ ಅಂತ ಹಿಂದ ಬಿದ್ರು, ಅಪ್ಪ ಕಾಕಾ ಇಬ್ರೂ ಒಪ್ಪಲಿಲ್ಲ, 1498ರಾಗ ವಿಯೆನ್ನಾಕ್ಕ ಓದಾಕ ಹೋದ. ಲ್ಯೂಟ್, ಹಾರ್ಪ್, ಪಿಟೀಲು, ಕೊಳಲು ಎಲ್ಲಾ ಬಾರಸ್ತಿದ್ದ (ಲ್ಯೂಟ್ ನಮ್ಮ ಹುಡುಗ್ರು ನೋಡಿರಂಗಿಲ್ಲ, ಮೊಬೈಲ್‌ನಾಗ ಫೋಟೋ ತೋರಿಸಿಬಿಡ್ರಿ). 1518ರಾಗ ಝೂರಿಕ್ ಚರ್ಚಿನ ಪಾದ್ರಿ ಕೆಲಸಕ್ಕ ಅವನ ಹೆಸರು ಬಂದಾಗ ಕೆಲವ್ರು ತಕರಾರು ತೆಗೆದ್ರು. ಏನು ತಕರಾರು? ಇಂವಗ ಸಂಗೀತದ ಹುಚ್ಚು ಭಾಳ ಅಂತ!

ಇಷ್ಟು ಹೇಳಿ ಆದ ಮ್ಯಾಲ, ಅದೇ ಮನಷ್ಯಾ ಇದ್ದ ಝೂರಿಕ್‌ನ ಗ್ರೋಸ್‌ಮ್ಯೂನ್ಸ್ಟರ್ ಚರ್ಚಿನ ಆರ್ಗನ್ 1527ರಾಗ ಒಡೆದು ತೆಗೆದ್ರು, ಆರಾಧನ್ಯಾಗ ಹಾಡೂ ಬಂದ್ ಆಗಿತ್ತು ಅಂತ ಹೇಳ್ರಿ, ಆಗ ಪ್ರಶ್ನೆ ಅವ್ರಿಂದನ ಬರ್ತದ.

ಉತ್ತರ ನೀವು ಕೊಡಬ್ಯಾಡ್ರಿ, ಯಾರಾದ್ರೂ ಎದ್ದು ಬೈಬಲ್‌ನ ಈ ವಚನ ಓದಲಿ: ಎಫೆಸ 5:19, ಕೊಲೊಸ್ಸೆ 3:16, ಆಮೋಸ 5:23. ಹೃದಯದಾಗ ಕರ್ತನಿಗೆ ಹಾಡ್ರಿ ಅಂತ ಅದ, ಬಾಯಿಂದ ಅಂತ ಇಲ್ಲ ಅನ್ನೋದು ಜ್ವಿಂಗ್ಲಿ ವಾದ. ದೇವರ ವಾಕ್ಯ ಹೇಳದೇ ಇದ್ದದ್ದು ಆರಾಧನ್ಯಾಗ ಬ್ಯಾಡ, ತಿಳಿಲಾರದ ಲ್ಯಾಟಿನ್‌ದಾಗ ಹಾಡಿದ್ರ ಮನಸ್ಸು ಎಲ್ಲೋ ಇರ್ತದ. ನನಗಂತೂ ಎಫೆಸದ ವಾದ ಜಗ್ಗಿ ಎಳೆದಂಗ ಕಾಣ್ತದ, ಅದೇ ವಚನದಾಗ ಕೀರ್ತನೆಗಳಿಂದ ಒಬ್ರಿಗೊಬ್ರು ಮಾತಾಡ್ಕೋರಿ ಅಂತನೂ ಅದಲ್ಲ! ಲೂಥರ್ ಉಲ್ಟಾ, ವಾಕ್ಯ ಬ್ಯಾಡ ಅನ್ನದೇ ಇದ್ರ ಇರಲಿ ಅಂದ, 1524ರಿಂದ ಅವನ ಕಡೆ ಹಾಡಿನ ಪುಸ್ತಕಾನೇ ಬರಾಕತ್ತಿದ್ವು. ಇದು ಒಂದೇ ಸಾಲಿನಾಗ ಮುಗಿಸ್ರಿ.

ಒಂದು ಎಚ್ಚರ: ನಿಮ್ಮ ಸಭ್ಯಾಗ ಡ್ರಮ್ಸ್ ಬೇಕೋ ಹಾರ್ಮೋನಿಯಂ ಸಾಕೋ ಅನ್ನೋ ಜಗಳ ನಡೆದಿದ್ರ ಜ್ವಿಂಗ್ಲಿನ್ನ ಅದರಾಗ ಎಳೀಬ್ಯಾಡ್ರಿ. ಎರಡೂ ಪಾರ್ಟಿಗೆ ಅಂವ ದಕ್ಕಂಗಿಲ್ಲ, ಹಾರ್ಮೋನಿಯಂ ಸುದ್ದಾ ಹೊರಗ ಇಡ್ತಿದ್ದ.

"ಹಂಗಾರ ಮನ್ಯಾಗನೂ ಹಾಡು ಬಿಟ್ಟನಾ?" ಅಂತ ಯಾರರೆ ಕೇಳೇ ಕೇಳ್ತಾರ. ಬಿಡಲಿಲ್ಲ ಅನ್ರಿ. 1519ರಾಗ ಪ್ಲೇಗ್ ಬಂದು ಸಾಯೋ ಹಂಗಾಗಿ ಉಳಕೊಂಡಾಗ ಅದರ ಮ್ಯಾಲನೇ ಒಂದು ಹಾಡು ಬರೆದಾನ. 1531ರಾಗ ಕಾಪೆಲ್ ಯುದ್ಧದಾಗ ಸತ್ತ, ಝೂರಿಕ್ ಚರ್ಚಿನಾಗ ಹಾಡು ತಿರುಗಿ ಶುರು ಆದದ್ದು 1598ಕ್ಕ.