ಘಟ್ಟದ ಕೆಳಗೆ, ಮೇ ತಿಂಗಳಲ್ಲಿ, ಸೈಕಲ್ ಮೇಲೆ: ನಾಲ್ಕನೇ ಸಲಕ್ಕೆ ಕೈಗೂಡಿದ್ದು

ಮೇ ತಿಂಗಳಲ್ಲಿ ಘಟ್ಟದ ಕೆಳಗೆ ಇಡೀ ದಿನ ಸೈಕಲ್ ಹೊಡೆಯಲು ಆಗುವುದಿಲ್ಲ ಎಂದು ನಮ್ಮ ಶಿರಸಿ ಬಳಗದಲ್ಲಿ ಎಲ್ಲರೂ ಹೇಳಿದ್ದರು. "ಡಿಸೆಂಬರಿನಲ್ಲಿ ಹೋಗು ಮಾರಾಯ, ಯಾರು ಬೇಡ ಅಂದ್ರು?" ಎಂದವರೇ ಜಾಸ್ತಿ. ಮೂರು ಬೇಸಿಗೆ ಅವರ ಮಾತೇ ನಿಜವಾಯಿತು. ನಾಲ್ಕನೆಯದರಲ್ಲಿ ಸುಳ್ಳಾಯಿತು. 2025ರ ಮೇ 13, ಬುದ್ಧ ಪೂರ್ಣಿಮೆಯ ಮರುದಿನ, ಬೆಳಗಿನ ಜಾವ ಕುಮಟಾ ಬಿಟ್ಟೆ. ಅಘನಾಶಿನಿ ಹೊಳೆ ದಾಟಿ, ಗೋಕರ್ಣದ ಗುಡ್ಡ ಹತ್ತಿ ಇಳಿದು, ಸಂಜೆ ಏಳೂಕಾಲಕ್ಕೆ ವಾಪಸ್ ಕುಮಟಾದಲ್ಲಿದ್ದೆ. ಒಟ್ಟು ಅರವತ್ತು ಕಿಲೋಮೀಟರ್ ಆಸುಪಾಸು. ಅದರಲ್ಲಿ ಹನ್ನೊಂದು ಹನ್ನೆರಡು ಬರೀ ಮರಳು. ಒಂದೂ ಪಂಕ್ಚರ್ ಇಲ್ಲ. ಕಾಲು ಹಿಡಿದುಕೊಳ್ಳಲಿಲ್ಲ. ಮರುದಿನ ಎದ್ದು ತೋಟಕ್ಕೆ ನೀರೂ ಬಿಟ್ಟೆ.

ಮೇ ತಿಂಗಳೇ ಯಾಕೆ ಅಂದರೆ, ನಾನು ಮೇಷ್ಟ್ರು. ರಜೆ ಸಿಗುವುದು ಆಗಲೇ. ಇನ್ನೊಂದು ಕಾರಣ ಗಜನಿ ಒಡ್ಡುಗಳು, ಅಂದರೆ ಹೊಳೆಯ ಉಪ್ಪುನೀರು ಹತ್ತುವ ಗದ್ದೆಗಳ ಏರಿಗಳು. ಡಿಸೆಂಬರಿನಲ್ಲಿ ಅವುಗಳ ಮೇಲೆ ಹುಲ್ಲು, ಕೆಸರು. ಬೇಸಿಗೆಯ ಕೊನೆಗೆ ಒಣಗಿ ಸಿಮೆಂಟಿನ ಹಾಗೆ ಆಗಿರುತ್ತವೆ. ಎರಡೂ ಕಡೆ ಉಪ್ಪುನೀರು, ನಡುವೆ ಎರಡು ಅಡಿ ಅಗಲದ ದಾರಿ. ಅಲ್ಲಿ ಸೈಕಲ್ ಓಡಿಸುವ ಖುಷಿ ಬೇರೆ ಎಲ್ಲೂ ನನಗೆ ಸಿಕ್ಕಿಲ್ಲ.

ಮೊದಲು ಸೋತ ಕಥೆ.

2022ರಲ್ಲಿ ಬುದ್ಧಿ ಇಲ್ಲದೆ ಬೆಳಿಗ್ಗೆ ಏಳೂವರೆಗೆ ಹೊರಟೆ. ಗೋಕರ್ಣ ಮುಟ್ಟುವಾಗ ಹನ್ನೊಂದು ದಾಟಿತ್ತು. ವಾಪಸ್ ಮಾದನಗೇರಿ, ಮಿರ್ಜಾನ್ ಮೇಲೆ ಹೆದ್ದಾರಿ 66ರಲ್ಲಿ ಬರುವುದು ಎಂದು ಲೆಕ್ಕ. ಮಿರ್ಜಾನ್ ಕೋಟೆಯ ಹತ್ತಿರ ಎರಡೂ ಮೀನಖಂಡ ಒಟ್ಟಿಗೆ ಹಿಡಿದವು. ಒಂದು ಗಂಟೆ ಮರದಡಿ ಮಲಗಿದೆ. ಮತ್ತೆ ಹೊರಟರೆ ನಾಲ್ಕು ಕಿಲೋಮೀಟರಿಗೆ ಮತ್ತೆ ಹಿಡಿಯಿತು. ಹೆದ್ದಾರಿ ಬದಿ ಈರುಳ್ಳಿ ಗೊಂಚಲು ಕಟ್ಟಿ ಮಾರುವ ಅಮ್ಮ ಒಬ್ಬರು ಕರೆದು, "ಕೂತ್ಕೋ ತಮ್ಮಾ, ಮೊದ್ಲು ನೀರು ಕುಡಿ" ಎಂದು ತಾವು ಊಟಕ್ಕೆ ತಂದಿದ್ದ ಗಂಜಿಯ ತಿಳಿ ಕೊಟ್ಟರು. ಉಪ್ಪು ಹಾಕಿದ ಗಂಜಿತಿಳಿ. ಅರ್ಧ ಗಂಟೆಯಲ್ಲಿ ಕಾಲು ಸಡಿಲವಾಯಿತು. ಅಲ್ಲಿಯವರೆಗೆ ನಾನು ಪ್ಯಾಕೆಟ್ ಪುಡಿಗೆ ಎಷ್ಟು ದುಡ್ಡು ಹಾಕಿದ್ದೆನೋ ಲೆಕ್ಕವಿಲ್ಲ. ಸೈಕಲ್ ಕೊನೆಗೆ ಟೆಂಪೋದಲ್ಲಿ ಬಂತು, ಮುನ್ನೂರು ರೂಪಾಯಿ.

2023ರಲ್ಲಿ ಬೇಗ ಎದ್ದೆ. ಐದಕ್ಕೇ ಬಾಡದ ಬೀಚಿನಲ್ಲಿದ್ದೆ. ಆದರೆ ಅದು ಭರತದ ಹೊತ್ತು. ನೀರು ಮೇಲಿನ ತನಕ ಬಂದಿತ್ತು, ಉಳಿದದ್ದು ಬರೀ ಸಡಿಲ ಮರಳು. ಟೈರಿನಲ್ಲಿ ಗಾಳಿಯ ಒತ್ತಡ ಮೂವತ್ತು ಪಿಎಸ್‌ಐ. ಮೂರು ಕಿಲೋಮೀಟರ್ ತಳ್ಳಿಕೊಂಡು ಹೋದೆ, ಸಿಟ್ಟು ಬಂದು ವಾಪಸಾದೆ.

2024ರಲ್ಲಿ ಗಾಳಿ ಕಡಿಮೆ ಮಾಡೋಣ ಎಂದು ಒಂಬತ್ತಕ್ಕೆ ಇಳಿಸಿದೆ, ಅದೂ ಟ್ಯೂಬ್ ಇದ್ದ ಚಕ್ರದಲ್ಲಿ. ಮರಳಿನ ಮೇಲೆ ಬೆಣ್ಣೆಯ ಹಾಗೆ ಹೋಯಿತು. ಕಾಗಾಲದಲ್ಲಿ ರಸ್ತೆಗೆ ಹತ್ತುವಾಗ ಒಂದೇ ಒಂದು ಚಿರೆಕಲ್ಲು ಸಿಕ್ಕಿತು, ಹಾವು ಕಚ್ಚಿದ ಹಾಗೆ ಎರಡು ತೂತು. ಅಂಟಿಸಿ ಹೊರಟರೆ ಹಿಂದಿನದೂ ಹೋಯಿತು. ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಂತು. ಎರಡು ವಾರ ಬಿಟ್ಟು ನೋಡಿದರೆ ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಬೇರಿಂಗ್) ಕರಕರ ಅನ್ನುತ್ತಿದೆ, ಫ್ರೀಹಬ್ (ಹಿಂದಿನ ಚಕ್ರದ ಗೇರು ಕೂರುವ ಭಾಗ) ಹಿಡಿದುಕೊಂಡಿದೆ, ಚೈನ್ ಕೆಂಪಗಾಗಿದೆ. ಅಂಗಡಿಯಲ್ಲಿ ಬಾಟಮ್ ಬ್ರಾಕೆಟ್‌ಗೆ ಸಾವಿರದ ನಾಲ್ಕುನೂರು, ಫ್ರೀಹಬ್ ಕೂಲಿ ಸೇರಿ ಎರಡು ಸಾವಿರದ ಮೇಲೆ, ಚೈನ್ ಸಾವಿರದ ಚಿಲ್ಲರೆ. ಮೂವತ್ತೆರಡು ಸಾವಿರಕ್ಕೆ ತಗೊಂಡ ಸೆಕೆಂಡ್ ಹ್ಯಾಂಡ್ ಹಾರ್ಡ್‌ಟೇಲ್ ಸೈಕಲ್‌ಗೆ ಮೂರು ವರ್ಷದಲ್ಲಿ ಸುಮ್ನೆ ಒಂಬತ್ತು ಸಾವಿರ ಹೋಗಿತ್ತು. ಮನೆಯಲ್ಲಿ ಈ ಲೆಕ್ಕ ಇನ್ನೂ ಪೂರ್ತಿ ಹೇಳಿಲ್ಲ.

ಆ ವರ್ಷವೇ ಸಾಣಿಕಟ್ಟಾದ ಉಪ್ಪಿನ ಆಗರದ ಪಕ್ಕ ಪಂಕ್ಚರ್ ಹಾಕುತ್ತ ಕೂತಿದ್ದೆ. ಒಂಬತ್ತೂವರೆ ಇರಬೇಕು. ಉಪ್ಪು ಎಳೆಯುವವರು ಒಬ್ಬೊಬ್ಬರಾಗಿ ಕೆಲಸ ಬಿಟ್ಟು ಹೊರಟರು. "ಇನ್ನೆಂತ ಕೆಲ್ಸ? ಮತ್ತೆ ಹೊತ್ತು ಇಳಿದ್ಮೇಲೆ" ಎಂದರು ಒಬ್ಬರು. ಜೀವನಪೂರ್ತಿ ಆ ಬಿಸಿಲಲ್ಲಿ ದುಡಿದವರೇ ನಡುಹಗಲು ನೆರಳಿಗೆ ಹೋಗುತ್ತಾರೆ. ನಾನು ಮಾತ್ರ ಬಿಸಿಲನ್ನು ಗೆಲ್ಲಲು ನೋಡುತ್ತಿದ್ದೆ. ಅವತ್ತೇ ತೀರ್ಮಾನ ಮಾಡಿದೆ: ದಿನವನ್ನು ಎರಡು ತುಂಡು ಮಾಡಬೇಕು, ಎರಡೂ ತುಂಡಿನಲ್ಲಿ ಮರಳು ಗಟ್ಟಿ ಇರಬೇಕು.

ಮರಳು ಗಟ್ಟಿ ಸಿಗುವುದು ಸಮುದ್ರದ ನೀರು ಇಳಿದಾಗ. ಆ ಇಳಿತದ ಲೆಕ್ಕ ಮೀನುಗಾರರಿಗೆಲ್ಲ ಬಾಯಿಪಾಠ. ಹುಣ್ಣಿಮೆ, ಅಮಾವಾಸ್ಯೆಯ ದಿನ ನಮ್ಮ ಕರಾವಳಿಯಲ್ಲಿ ನೀರು ಪೂರ್ತಿ ಇಳಿಯುವುದು ಬೆಳಿಗ್ಗೆ ಐದರ ಸುಮಾರಿಗೆ, ಮತ್ತೆ ಸಂಜೆ ಐದರ ಸುಮಾರಿಗೆ. ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದೆ ಹೋಗುತ್ತದೆ. ಹಾಗಾಗಿ ಮರುದಿನ ಹೊರಟರೆ ಎರಡೂ ಇಳಿತ ಆರರ ಹತ್ತಿರ ಬೀಳುತ್ತವೆ. ಬೆಳಿಗ್ಗೆ ಬೆಳಕು ಹರಿಯುವಾಗ ಒಂದು, ಸಂಜೆ ಮುಳುಗುವ ಮೊದಲು ಒಂದು. ಪಂಚಾಂಗ ನೋಡಿದರೆ ಸಾಕು, ಆ್ಯಪ್ ಬೇಡ. ಮೇ ತಿಂಗಳಲ್ಲಿ ಇಂಥ ದಿನ ಎರಡು ಮೂರೇ ಸಿಗುತ್ತವೆ.

ಗಾಳಿಯದೂ ಹಾಗೆಯೇ. ಬೆಳಿಗ್ಗೆ ಗಾಳಿ ಸತ್ತೇ ಇರುತ್ತದೆ. ಹನ್ನೊಂದರ ಮೇಲೆ ಸಮುದ್ರದ ಗಾಳಿ ಎದ್ದು ಮಧ್ಯಾಹ್ನ ವಾಯವ್ಯದಿಂದ ಜೋರಾಗುತ್ತದೆ. ಆದ್ದರಿಂದ ಬೆಳಿಗ್ಗೆ ಉತ್ತರಕ್ಕೆ ಹೋಗಿ, ಸಂಜೆ ದಕ್ಷಿಣಕ್ಕೆ ಬರುವುದು. ಬೆನ್ನಿಗೆ ಗಾಳಿ ಇದ್ದರೆ ಕೊನೆಯ ಹತ್ತು ಕಿಲೋಮೀಟರ್ ಪುಕ್ಕಟೆ. ಹೊನ್ನಾವರದ ಕಡೆಯಿಂದ ಹೊರಡುವವರೂ ಇದನ್ನೇ ಮಾಡಬಹುದು.

ಟೈರಿಗೆ ಈ ಸಲ ದುಡ್ಡು ಹಾಕಿದೆ. 2.1 ಇಂಚು ಅಗಲದ್ದು ತೆಗೆದು 2.4 ಹಾಕಿದೆ, ಟ್ಯೂಬ್‌ಲೆಸ್ ಮಾಡಿಸಿದೆ. ಎಲ್ಲ ಸೇರಿ ಆರು ಸಾವಿರ ದಾಟಿತು. ನನ್ನ ತೂಕ ಅರವತ್ತಾರು. ಮರಳಿಗೆ ಮುಂದೆ ಹನ್ನೊಂದು, ಹಿಂದೆ ಹದಿನಾಲ್ಕು ಪಿಎಸ್‌ಐ. ಅದಕ್ಕಿಂತ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಬಿಟ್ಟು ಗಾಳಿ ಉಗುಳುತ್ತದೆ, ಮನೆ ಹತ್ತಿರದ ಗದ್ದೆಯಲ್ಲೇ ನೋಡಿಕೊಂಡೆ. ರಸ್ತೆಗೆ ಬಂದಾಗ ಇಪ್ಪತ್ತಾರಕ್ಕೆ ಏರಿಸುತ್ತೇನೆ, ಕೈಪಂಪಿನಲ್ಲಿ ಚಕ್ರಕ್ಕೆ ನೂರೈವತ್ತು ಸಲ. ತೂತು ಮುಚ್ಚುವ ಸೀಲೆಂಟ್ ದ್ರವ ಒಂದೊಂದಕ್ಕೆ ನೂರಿಪ್ಪತ್ತು ಎಂಎಲ್ ಬೇಕೇ ಬೇಕು. ಈ ಸೆಕೆಗೆ ಆರೇಳು ವಾರದಲ್ಲಿ ಒಣಗಿ ರಬ್ಬರ್ ಉಂಡೆ ಆಗುತ್ತದೆ. ಒಮ್ಮೆ ಹಾಕಿದರೆ ವರ್ಷ ನಡೆಯುತ್ತದೆ ಎಂದುಕೊಳ್ಳಬೇಡಿ.

ನಡುವೆ ಒಬ್ಬ ಸ್ನೇಹಿತರ ಫ್ಯಾಟ್ ಬೈಕ್ (ಬಹಳ ದಪ್ಪ ಟೈರಿನ ಸೈಕಲ್) ಕೇಳಿ ತಂದೂ ನೋಡಿದೆ. ಮರಳಿನಲ್ಲಿ ರಾಜ. ಆದರೆ ಡಾಂಬರಿನಲ್ಲಿ ಎಮ್ಮೆ ಎಳೆದ ಹಾಗೆ. ಎರಡೇ ದಿನಕ್ಕೆ ವಾಪಸ್ ಕೊಟ್ಟೆ.

ಚೈನಿಗೆ ಎಣ್ಣೆ ಬಿಟ್ಟು ಮೇಣಕ್ಕೆ ಬಂದೆ. ಹಳೆಯ ರೈಸ್ ಕುಕ್ಕರಿನಲ್ಲಿ ಅರ್ಧ ಕೆಜಿ ಮೇಣದ ಬತ್ತಿ ಕರಗಿಸಿ, ಚೊಕ್ಕ ತೊಳೆದ ಚೈನ್ ಮುಳುಗಿಸಿ ತೆಗೆದು ನೇತುಹಾಕುವುದು. ಎಣ್ಣೆಗೆ ಮರಳು ಮೆತ್ತುತ್ತದೆ, ಮೇಣಕ್ಕೆ ಮೆತ್ತುವುದಿಲ್ಲ. ಬರೀ ಮೇಣ ಉಪ್ಪುನೀರಿಗೆ ಬೇಗ ಉದುರುತ್ತದೆ, ಅದಕ್ಕೆ ನಾನು ಇನ್ನೊಂದು ಸಾಮಾನು ಸೇರಿಸುತ್ತೇನೆ. ಅದು ಯಾವುದು, ಎಷ್ಟು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಇನ್ನೊಂದು ಬೇಸಿಗೆ ಪರೀಕ್ಷೆ ಆಗಲಿ.

ಕುಡಿಯುವುದಕ್ಕೆ ಮೂರು ಬಾಟಲಿ. ಒಂದರಲ್ಲಿ ಬರೀ ನೀರು. ಒಂದರಲ್ಲಿ ಮುರುಗಲು (ಕೋಕಂ), ಬೆಲ್ಲ, ಉಪ್ಪು. ಮೂರನೆಯದು ಆ ಅಮ್ಮ ಕಲಿಸಿದ ಗಂಜಿತಿಳಿ. ಮುರುಗಲಿಗೆ ಸಕ್ಕರೆ ಹಾಕಿ ನೋಡಿದೆ, ಬಾಯಿ ಅಂಟು. ಮಾವಿನಕಾಯಿಯ ಅಪ್ಪೆಹುಳಿ ಬಾಟಲಿಗೆ ತುಂಬಿಸಿಯೂ ನೋಡಿದೆ. ರುಚಿ ಅದ್ಭುತ, ಆದರೆ ಒಗ್ಗರಣೆಯ ಸಾಸಿವೆ ಬಾಟಲಿಯ ಬಾಯಿಗೆ ಸಿಕ್ಕಿಹಾಕಿಕೊಂಡಿತು.

ಅವತ್ತು ಐದೂಕಾಲಿಗೆ ಕುಮಟಾದ ದೊಡ್ಡಪ್ಪನ ಮನೆ ಬಿಟ್ಟೆ. ಬಾಡಕ್ಕೆ ಬರುವಾಗ ಪೂರ್ವ ಬೆಳ್ಳಗಾಗಿತ್ತು. ಪಶ್ಚಿಮಕ್ಕೆ ಚಂದ್ರ ಇನ್ನೂ ಸಮುದ್ರದ ಮೇಲಿದ್ದ. ಅಲ್ಲೇ ನಿಂತು ಮರಳು ಓದಿದೆ. ಇದೊಂದು ಕಲಿತರೆ ಅರ್ಧ ಕೆಲಸ ಮುಗಿಯಿತು. ಒದ್ದೆ ಮರಳಿನ ಮೇಲೆ ಪಾದ ಒತ್ತಬೇಕು. ಪಾದದ ಸುತ್ತ ಮರಳು ಒಮ್ಮೆಗೇ ಒಣಗಿದ ಹಾಗೆ ಬೆಳ್ಳಗಾದರೆ ಅದು ಗಟ್ಟಿ. ಹೆಜ್ಜೆಯ ಒಳಗೆ ನೀರು ಜಿನುಗಿದರೆ ಮೆತ್ತಗೆ, ಚಕ್ರ ಹೂಳುತ್ತದೆ. ಏಡಿಗಳು ಉಂಡೆ ಕಟ್ಟಿದ ಸಾಲು ಕಂಡರೆ ನೀವು ಬಹಳ ಮೇಲೆ ಇದ್ದೀರಿ, ಎಂಟು ಹತ್ತು ಮಾರು ಕೆಳಗೆ ಇಳಿಯಿರಿ. ಅವತ್ತು ಆ ಬಿಳಿ ಪಟ್ಟಿ ಹದಿನೈದು ಅಡಿ ಅಗಲ ಇತ್ತು. ಗೇರು ಬದಲಿಸದೆ ಹೊಡೆದೆ. ಟೈರಿನ ಕೆಳಗೆ ಸಣ್ಣಗೆ ಸರ್ ಎನ್ನುವ ಶಬ್ದ ಬಿಟ್ಟರೆ ಬೇರೆ ಏನಿಲ್ಲ.

ಏಳೂಕಾಲಿಗೆ ಅಘನಾಶಿನಿ ದಕ್ಕೆ. ಬಾರ್ಜಿಗೆ ಕಾಯುವಾಗ ಒಂದು ಬಾಟಲಿ ಸಿಹಿನೀರನ್ನು ಚೈನು, ಹಬ್ಬಿನ ಮೇಲೆ ನಿಧಾನ ಸುರಿದೆ. ಒತ್ತಡದ ಪೈಪಿನಿಂದ ಹೊಡೆಯಲೇಬಾರದು, ಉಪ್ಪು ಒಳಗೆ ಹೋಗುತ್ತದೆ. ಇಳಿತ ಆಗಷ್ಟೇ ಮುಗಿದಿದ್ದರಿಂದ ಹೊಳೆಯಲ್ಲಿ ಸೊಂಟದ ತನಕ ನೀರಿಗಿಳಿದು ಬಳಚು (ಚಿಪ್ಪಿನ ಮೀನು) ತೆಗೆಯುವವರು ಸಾಲಾಗಿ ಇದ್ದರು. ಸೈಕಲ್ ಸೇರಿ ಇಪ್ಪತ್ತೋ ಮೂವತ್ತೋ ರೂಪಾಯಿ ಕೊಟ್ಟ ನೆನಪು. ತದಡಿಯಲ್ಲಿ ಇಳಿದು ಸಾಣಿಕಟ್ಟಾ ಕಡೆಗೆ. ಒಡ್ಡಿನ ದಾರಿ ಎಲ್ಲಿಂದ ಹಿಡಿಯಬೇಕು ಎಂಬುದನ್ನು ಮಾತ್ರ ಬರೆಯುವುದಿಲ್ಲ. ಅದು ಗದ್ದೆಯವರ ಜಾಗ, ಕೇಳಿಕೊಂಡು ಹೋಗಬೇಕು. ನಾಲ್ಕು ಜನ ಒಟ್ಟಿಗೆ ಹೋದರೆ ಒಡ್ಡಿನ ಅಂಚು ಕುಸಿಯುತ್ತದೆ.

ಓಂ ಬೀಚಿನ ಮೇಲಿನ ಚಿರೆಕಲ್ಲು ಗುಡ್ಡ ಹತ್ತಿ ಇಳಿಯುವಾಗ ಒಂಬತ್ತೂವರೆ. ಕಲ್ಲು ಆಗಲೇ ಕಾದ ಕಾವಲಿ. ಹನ್ನೊಂದಕ್ಕೆ ಇದೇ ಜಾಗದಲ್ಲಿ 2022ರಲ್ಲಿ ನನಗೆ ತಲೆ ತಿರುಗಿತ್ತು. ಈ ಸಲ ಹತ್ತೂಕಾಲಿಗೆ ಬಂಕಿಕೊಡ್ಲದ ಸೋದರತ್ತೆ ಮನೆಯ ಜಗುಲಿಯಲ್ಲಿದ್ದೆ. ಅತ್ತೆ ನೋಡಿದವರೇ, "ಎಂತಕ್ಕೆ ತಮಾ ಈ ಬಿಸಿಲಲ್ಲಿ?" ಎಂದು ಬಾವಿಕಟ್ಟೆಗೆ ಕಳಿಸಿದರು. ಎರಡು ಕೊಡ ನೀರು ತಲೆ ಮೇಲೆ. ಆಮೇಲೆ ಊಟ, ಇಶಾಡು ಮಾವಿನ ರಸಾಯನ, ಸಿಮೆಂಟು ನೆಲದ ಮೇಲೆ ಎರಡು ಗಂಟೆ ನಿದ್ದೆ. ಬಿಸಿಲಲ್ಲಿ ಸೈಕಲ್ ಹೊಡೆಯುವ ನನ್ನ ವಿಧಾನದಲ್ಲಿ ಈ ಐದು ಗಂಟೆಯೇ ಮುಖ್ಯ ಭಾಗ. ಬಳಗದವರು ಇದನ್ನು ಮೋಸ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ.

ಮೂರೂವರೆಗೆ ಹೊರಡುವಾಗ ಅಂಗಿ, ಪಾಣಿಪಂಚೆ ಎರಡನ್ನೂ ಬಾವಿನೀರಲ್ಲಿ ಅದ್ದಿ ಹಿಂಡದೆ ಹಾಕಿಕೊಂಡೆ. ಘಟ್ಟದ ಮೇಲಾದರೆ ಹದಿನೈದು ನಿಮಿಷಕ್ಕೆ ಒಣಗುತ್ತದೆ. ಇಲ್ಲಿ ಗಾಳಿಯಲ್ಲೇ ನೀರು, ಬೆವರೇ ಆರುವುದಿಲ್ಲ. ತದಡಿ ತನಕ ಪಂಚೆ ತಂಪಾಗಿಯೇ ಇತ್ತು. ಗಾಳಿ ಲೆಕ್ಕದ ಪ್ರಕಾರ ಬೆನ್ನಿಗೇ ಬಂತು. ಐದಕ್ಕೆ ಹೊಳೆ ದಾಟಿದೆ. ಕಾಗಾಲದ ಮರಳಿಗೆ ಇಳಿಯುವಾಗ ನೀರು ಇನ್ನೂ ಇಳಿಯುತ್ತಿತ್ತು. ಬೆಳಿಗ್ಗೆ ನಾನೇ ಬಿಟ್ಟಿದ್ದ ಗೆರೆ ಅಳಿಸಿಹೋಗಿತ್ತು. ಟೈರಿನ ಗಾಳಿ ಬಿಟ್ಟು ಹನ್ನೊಂದು, ಹದಿನಾಲ್ಕು ಮಾಡಿಕೊಂಡು ಹತ್ತಿದೆ. ಮರಳಿನ ಮೇಲೆ ಗಂಟೆಗೆ ಹದಿನೇಳು ಹದಿನೆಂಟರ ವೇಗ, ನನ್ನ ಕಾಲಿಗೆ ಅದು ದೊಡ್ಡದೇ.

ರಾತ್ರಿ ದೊಡ್ಡಪ್ಪನ ಮನೆ ಬಾವಿಕಟ್ಟೆಯಲ್ಲಿ ಟಾರ್ಚು ಹಿಡಿದು ಸೈಕಲ್ ತೊಳೆದೆ, ಆರು ಕೊಡ ನೀರು. ಚೈನ್ ಬಿಚ್ಚಿ ಬಿಸಿನೀರಿಗೆ ಹಾಕಿದೆ. ಆ ವರ್ಷ ಮಳೆ ಬೇಗ ಬಂತು, ಮೇ ಮುಗಿಯುವ ಮೊದಲೇ ಸಮುದ್ರ ಕೆದರಿ ಆ ಮರಳಿನ ಪಟ್ಟಿ ಹೋಯಿತು. ಬಾಟಮ್ ಬ್ರಾಕೆಟ್ ಮಾತ್ರ ಇಂದಿಗೂ ಸದ್ದಿಲ್ಲದೆ ತಿರುಗುತ್ತಿದೆ. ಡಿಸೆಂಬರಿನಲ್ಲಿ ಹೋಗು ಎಂದಿದ್ದವರಲ್ಲಿ ಇಬ್ಬರು 2.4ರ ಟೈರು ತರಿಸಿಕೊಂಡಿದ್ದಾರೆ. ಮೊನ್ನೆ ಒಬ್ಬ ಫೋನ್ ಮಾಡಿ ಮುಂದಿನ ಮೇ ತಿಂಗಳ ಹುಣ್ಣಿಮೆ ಯಾವಾಗ ಎಂದು ಕೇಳಿದ.